ನಾಲ್ಕನೇ ವರ್ಷದ ರಾಗಿ

ಮಗಳ ಸರಿಹಿಟ್ಟಿಗೆ ರಾಗಿ ಬೀಸಿಸಲು ಕಿಕ್ಕೇರಿಯ ಮಿಲ್ಲಿನಲ್ಲಿ ಕಾಯುತ್ತಿದ್ದೆ. ಮುಂದೆ ನಮ್ಮ ಬೀದಿಯ ಪುಟ್ಟಲಕ್ಷ್ಮಮ್ಮ, ಅವರ ಮೈದುನ ದೇವರಾಜು. ಸಮಪಾಲಾದ ಅವರ ಹೊಲಗಳ ನಡುವೆ ಇರುವುದು ಒಂದೇ ಬದು.

"ಅತ್ತಿಗೆ, ಎಷ್ಟು ಮೂಟೆ ಆಯ್ತು?"

"ರಾಗಿ ಐದು. ನಡುನಡುವೆ ಅಕ್ಕಡಿ ಸಾಲಲ್ಲಿ ಹಾಕಿದ್ದ ಅವರೆ, ತೊಗರಿ, ಹುಚ್ಚೆಳ್ಳು ಬ್ಯಾರೆ. ನಿಂದು?"

"ಬರೀ ರಾಗಿ. ನಾಕು."

"ಆಹಾ! ಮೊದಲ್ನೇ ವರ್ಸ ನಿಂಗೆ ಆರು, ನಂಗೆ ನಾಕು ಬಂದಾಗ ಏನಂದೆ?"

"ಅತ್ತಿಗೆ ಕಿಚಡಿ ಬಿತ್ತವ್ರೆ ಅಂದೆ. ಈಗ್ಯಾಕ್ ಬುಡಿ."

"ಯಾಕ್ ಬುಡ್ಲಿ? ನಾಕನೇ ವರ್ಸ ಸೋತೋರು ಗೆದ್ದೋರಂಗೆ ಬಿತ್ಬೇಕು ಅಂತ ಪಂಥ ಕಟ್ಟಿದ್ದು ನೀನೇಯ. ನನ್ ಅಕ್ಕಡಿ ಕೀಳ್ಸಕ್ಕೆ!"

"ಗುಟ್ಟಾಗಿ ಅದೇನ್ ಗೊಬ್ರ ಹಾಕುದ್ರಿ?"

"ನೀನು ಹಾಕಿದ್ದೇ ಕಣಪ್ಪ. ಅವರೆ, ತೊಗರಿ ಎಲೆ ಉದುರಿ ಉದುರಿ ವರ್ಸವರ್ಸಕ್ಕೂ ನನ್ ಮಣ್ಣು ಮೆತ್ತಗಾಯ್ತಾ ಬಂತು. ಬರೀ ರಾಗಿ ಬೆಳ್ದು ನಿನ್ ಮಣ್ಣು ಸೊರಗ್ತು."

"ಸೋತೆ ಕಣತ್ತಿಗೆ. ಅಕ್ಕಡಿಗೆ ಬಿತ್ತನೆ ಬೀಜ ಕೊಡಿ."

"ಕೊಡ್ತೀನಿ. ಮೊದಲ್ನೇ ವರ್ಸ ಕಮ್ಮಿ ಬಂತು ಅಂತ ಕಿತ್ತಾಕ್ಬುಟ್ಟೀಯ, ಜೋಕೆ! ನಂಗೂ ಮೂರು ವರ್ಸ ಹಿಡೀತು."

ದೇವರಾಜು ಇಬ್ಬರ ಹಿಟ್ಟಿನ ಚೀಲವನ್ನೂ ಹೆಗಲಿಗೇರಿಸಿದ.

"ಎಷ್ಟು ಸಾಲಿಗೊಂದು ಅಕ್ಕಡಿ ಬುಡ್ಲಿ?"

"ಬಾ, ಹೊಲದಲ್ಲೇ ತೋರುಸ್ತೀನಿ."

"ಈಗ್ಲೇನಾ?"

"ಇನ್ಯಾವಾಗ?" ಎನ್ನುತ್ತ ಪುಟ್ಟಲಕ್ಷ್ಮಮ್ಮ ಆಗಲೇ ರಸ್ತೆ ದಾಟಿಬಿಟ್ಟಿದ್ದರು.