ಸೇವೆಯ ಗಂಟೆ

...ನಗಬೇಡ ಅಕ್ಕ. ಸರಿ, ನಗು. ನನಗೇ ನಗು ಬರ್ತಿದೆ. ಹೊಲಿಗೆ ಕಾರ್ಖಾನೆಯ ಮಾಲೀಕ, ಹೀಗೆ ಅಕ್ಕನ ಅಡುಗೆಮನೇಲಿ ಮಣೆ ಮೇಲೆ ಕೂತು ಬೇಡ್ಕೋತಾ ಇದ್ದಾನೆ. ನಾಳೆ ಬಂದು ನಿನ್ನ ಮಿಷನ್ ಮುಂದೆ ಕೂತ್ಕೋ, ಅಷ್ಟೇ. ನೀನು ಬರಲಿಲ್ಲ ಅಂತ ಈ ವಾರ ಒಬ್ಬಳೂ ಸೇವೆಗೆ ನಿಲ್ಲಲಿಲ್ಲ. ಸಂಜೆ ಬೆಲ್ ಹೊಡೀತು, ಎಲ್ಲರೂ ಬುತ್ತಿ ಚೀಲ ಎತ್ಕೊಂಡು ಹೊರಟೇ ಬಿಟ್ಟರು. ನಾನೊಬ್ಬನೇ ದೀಪದ ಮುಂದೆ ಕೈ ಮುಗ್ಕೊಂಡು ನಿಂತಿದ್ದೆ. ದೇವರಿಗೂ ನನ್ನ ಜೊತೆ ಒಬ್ಬನೇ ಇರೋಕೆ ಮುಜುಗರ ಆಗಿರಬೇಕು.

ಹೌದು, ಸೇವೆ ಅನ್ನೋ ಮಾತು ತಂದಿದ್ದು ನಾನೇ. ಮೊದಲು ಅದಕ್ಕೆ ಓವರ್‌ಟೈಮ್ ಅಂತಿದ್ವಿ... ಯಾಕೆ ಹಾಗೆ ನೋಡ್ತೀಯಾ? ಓವರ್‌ಟೈಮ್ ಅಂದ್ರೆ ಕೂಲಿ ಕೊಡಬೇಕು. ಸೇವೆ ಅಂದ್ರೆ ಪುಣ್ಯ ಸಿಗುತ್ತೆ, ಅದನ್ನ ಕೊಡೋದು ನಾನಲ್ಲವಲ್ಲ. ಎಂಥ ಬುದ್ಧಿ ನೋಡು ನಂದು...

ಅಪ್ಪನ ಕಾಲವೇ ಬೇರೆ. ಹೊಲಿಯೋದೇ ಪೂಜೆ ಅಂದ. ಕುಡೀಲಿಲ್ಲ, ಮೆರೀಲಿಲ್ಲ, ಬಂದ ಕಾಸನ್ನ ಖರ್ಚು ಮಾಡೋದು ಹೇಗೆ ಅಂತಲೇ ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಇನ್ನೊಂದು ಮಿಷನ್ ತಂದ. ಆಮೇಲೆ ಮತ್ತೊಂದು. ಭಕ್ತಿ ಮಾಡ್ತಾ ಮಾಡ್ತಾ ಸಾಹುಕಾರ ಆಗಿಬಿಟ್ಟ, ಪಾಪ, ಅವನಿಗೇ ಗೊತ್ತಾಗಲಿಲ್ಲ. ನನ್ನ ಕೈಗೆ ಸಾಹುಕಾರಿಕೆ ಸಿಕ್ತು. ಭಕ್ತಿ ಎಲ್ಲಿಟ್ಟಿದ್ದ ಅಂತ ಇನ್ನೂ ಹುಡುಕ್ತಾ ಇದೀನಿ.

ಆದ್ರೆ ಸೇವೆಯ ಅಂಗಿ ನಾನು ಮುಟ್ಟಿಲ್ಲ ಅಕ್ಕ. ಅದೆಲ್ಲ ಧರ್ಮಾಸ್ಪತ್ರೆಗೆ, ಉಟ್ಟ ಬಟ್ಟೆಯಲ್ಲೇ ಬಂದು ಸೇರೋ ಬಡವರಿಗೆ. ಆ ನಂಬಿಕೆ ಮೇಲೆ ತಾನೇ ನೀನು ಕೂತಿದ್ದು? ಅದರಲ್ಲಿ ಒಂದೆಳೆ ದಾರ ಕೂಡ ನಾನು... ಏನು ನೋಡ್ತಿದ್ದೀಯಾ?

ಈ ಅಂಗಿನಾ? ಚೆನ್ನಾಗಿದೆ ಅಲ್ವಾ? ನಮ್ಮದಲ್ಲ ಬಿಡು, ನಮ್ಮ ಹೊಲಿಗೆ ಇಷ್ಟು ನೀಟಾಗಿ ಎಲ್ಲಿರುತ್ತೆ. ಪೇಟೆಯ ದೊಡ್ಡ ಅಂಗಡಿದು, ನನ್ನ ಹೆಂಡತಿ ತಂದಿದ್ದು. ರೇಟು ಕೇಳಿ ಎದೆ ಹಿಡ್ಕೊಂಡೆ... ಕಾಲರ್ ಯಾಕೆ ಎಳೀತೀಯಾ? ಕೊಳೆ ಆಗಿದ್ಯಾ? ಒಳಗೇನಿದೆ... ನೀಲಿ ದಾರದ ಗಂಟು. ಯಾರೋ ಹೊಲಿದವರು ಕತ್ತರಿಸೋದು ಮರೆತಿರ್ತಾರೆ...

ತೊಟ್ಟವರು ಬೇಗ ಗುಣವಾಗಲಿ ಅಂತ ಸೇವೆಯ ಅಂಗಿಗೆಲ್ಲ ನೀನು ಹೀಗೇ ಒಂದು ಗಂಟು...

ಅಕ್ಕ. ಹಾಗೆ ನೋಡಬೇಡ. ಬೇಕಾದ್ರೆ ಬೈ.

ಮಾರಿದೆ. ಹೌದು, ಮಾರಿದೆ. ಮೊದಲ ವಾರದಿಂದ್ಲೂ. ಒಂದು ಅಂಗೀನೂ ಆಸ್ಪತ್ರೆ ಬಾಗಿಲು ನೋಡಿಲ್ಲ. ನಾನು ಸಗಟು ರೇಟಿಗೆ ತಳ್ಳಿದ್ದನ್ನ ನನ್ನ ಹೆಂಡತಿನೇ ಅದರ ಮೂರರಷ್ಟು ಕೊಟ್ಟು ತಂದು ನನಗೇ ತೊಡಿಸಿದ್ದಾಳೆ. ಇಂಥ ದಡ್ಡ ಕಳ್ಳನ್ನ ಎಲ್ಲಾದ್ರೂ ನೋಡಿದ್ದೀಯಾ? ನಗಲ್ವಾ ಈಗ?

ಕೈ ಯಾಕೆ ಚಾಚಿದ್ದೀಯಾ? ಬಿಚ್ಚಿ ಕೊಡ್ಲಾ? ಇಲ್ಲೇ? ಹಾಗೇ ಬನೀನಲ್ಲಿ ಬೀದೀಲಿ ಹೋಗ್ಲಾ, ಹಗಲು ಹೊತ್ತಲ್ಲಿ...

ಸರಿ. ಕೊಡ್ತೀನಿ, ತಾಳು. ಗುಂಡಿ ಬಿಚ್ಚೋಕೆ ಬರ್ತಿಲ್ಲ ಅಕ್ಕ. ಎಷ್ಟು ಗಟ್ಟಿಯಾಗಿ ಹೊಲಿದಿದ್ದೀಯಾ.