ಓಣಿಗೆ ಹಂಚಿದ ಪೇಡಾ

ನಾವು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಭಾಲ್ಕಿ ಸ್ಟೇಷನ್ನಿನಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಗಂಡಹೆಂಡತಿ ಕೂತಿದ್ದರು.

“ನಿಮ್ಮ ಕಚೇರಿ ಲಕೋಟಿ ಓದೀನ್ರಿ. ಕನ್ನಡ ಪರೀಕ್ಷಾದಾಗ ನೀವು ಫೇಲ್.”

“ನಾ ಕಲಿತದ್ದೆಲ್ಲಾ ಉರ್ದುದಾಗ, ಶಿವಕಾಂತಾ.”

“ನನಗ ಹೇಳಿದ್ರ ಕಲಿಸ್ತಿದ್ದೆ.”

“ಹೆಂಡ್ತಿ ಮುಂದ ಕೂತು ಅಕ್ಷರ ತಿದ್ದಲಿಕ್ಕ ಶರಮ್ ಆಯ್ತು.”

“ಪಾಸಾದೆ ಅಂತ ಪೇಡಾ ತಂದ್ರಿ. ಮನಿಮನಿಗಿ ಹೋಗಿ ಹಂಚಿದಾಕಿ ನಾ. ನಿಮ್ಮ ಸುಳ್ಳು ನನ್ನ ಕೈಲೆ ಹಂಚಿಸಿದ್ರಿ.”



“ಊರಿಗಿ ಹೋದ ಮ್ಯಾಲ ನಿಮ್ಮಪ್ಪಗ ಹೇಳಬ್ಯಾಡ.”

ಗಾಡಿ ಬಂತು. ಆಕೆ ಎದ್ದಳು.

“ಅಪ್ಪನ ಊರಿಗಿ ನಾಳಿ ಹೋಗಮ್ರಿ. ಮೊದಲ ನಮ್ಮ ಓಣಿಗಿ ನಡೀರಿ. ಪೇಡಾ ತಿಂದ ಮನಿಮನಿಗಿ ನೀವೇ ಖರೇ ಹೇಳ್ರಿ. ನಾ ಬಾಜೂಕ ನಿಂದ್ರತೇನಿ.”

ಆಕೆ ಗಂಟು ಎತ್ತಿಕೊಂಡು ಊರಿನ ದಾರಿ ಹಿಡಿದಳು. ಗಾಡಿ ಹೊರಟ ಮೇಲೆ ಅವನೂ ಎದ್ದ.