ಭಾರದ್ದೋ, ಹಗುರದ್ದೋ

೨೦೨೪ರ ಜೂನ್ ೧೧. ನಜರ್‌ಬಾದಿನ ಬಂದೂಕು ಪರವಾನಗಿ ಕಚೇರಿಯಲ್ಲಿ ಹದಿನೇಳು ಮಂದಿ ಕಾದಿದ್ದೆವು. ನನ್ನ ಪಕ್ಕದ ವೃದ್ಧ ದಂಪತಿ ಗುರಿಸ್ಪರ್ಧೆಗೆ ಎರಡು ಅರೆಸ್ವಯಂಚಾಲಿತ ಪಿಸ್ತೂಲುಗಳಲ್ಲಿ ಯಾವುದನ್ನು ಕೊಳ್ಳುವುದೆಂದು ಇನ್ನೂ ತೀರ್ಮಾನಿಸಿರಲಿಲ್ಲ.

“ಭಾರದ್ದು ಅಲುಗಲ್ಲ ಅಂದ್ರಲ್ಲ, ಅರ್ಜೀಲಿ ಅದನ್ನೇ ಬರೀರಿ,” ಎಂದರು ಪತ್ನಿ.

“ಮೂವತ್ತು ಗುಂಡಿನವರೆಗೆ ಅಲುಗಲ್ಲ ಕಣೇ. ಆಮೇಲೆ ನನ್ನ ತೋಳೇ ಏಳಲ್ಲ.”

“ಹಗುರದ್ದು?”

“ಪ್ರತಿ ಗುಂಡಿಗೂ ಎಗರುತ್ತೆ.”

“ಪಂದ್ಯಕ್ಕೆ ಎಷ್ಟು ಗುಂಡು?”

“ಅರವತ್ತು.”

“ಅರ್ಧ ಪಂದ್ಯಕ್ಕೆ ಪಿಸ್ತೂಲು ಕೊಳ್ಳೋರು ನೀವೊಬ್ರೇ ಕಣ್ರೀ.”

“ಹಗುರದ್ದಾದ್ರೆ ಇನ್ನೂ ನಾಲ್ಕು ವರ್ಷ ಹೊಡೀಬೋದು.”

“ಹೋದ ವರ್ಷವೇ ಕೊನೆ ಅಂತ ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೆ.”

ಗುಮಾಸ್ತರು “ಶಿವರುದ್ರಪ್ಪ” ಎಂದು ವೃದ್ಧರ ಹೆಸರು ಕೂಗಿದರು. ಆಕೆಯೇ ಅರ್ಜಿಯಲ್ಲಿ ಹಗುರ ಪಿಸ್ತೂಲಿನ ಹೆಸರು ಬರೆದು, ಪತಿಯ ಬಲತೋಳು ಹಿಡಿದು ಎಬ್ಬಿಸಿದರು.

“ಆ ಮಾತು ಬಾಕಿ ಇರಲಿ. ನಡೀರಿ.”